ಮುಂಡಗೋಡಿನ ಲೋಸರ್ ಹಬ್ಬ

2024ರ ಅಕ್ಟೋಬರ್ 24ರಂದು, ವಿಶ್ವಸಂಸ್ಥೆಯ ದಿನಾಚರಣೆಯ ಅಂಗವಾಗಿ, ನಮ್ಮ ಕಾಲೇಜಿನಲ್ಲಿ ಒಂದು ಪ್ರಬಂಧ ಸ್ಪರ್ಧೆ ಏರ್ಪಟ್ಟಿತ್ತು. ವಿಷಯವು 'ರಾಷ್ಟ್ರ ರಾಷ್ಟ್ರಗಳ ನಡುವಣ ಸಹಕಾರ' ಎಂದಿತ್ತು. ನಾನು ಗ್ರಂಥಾಲಯದಲ್ಲಿ ನಾಲ್ಕಾರು ಪುಸ್ತಕಗಳನ್ನು ತಿರುವಿ ಹಾಕಿ, ನ್ಯೂಯಾರ್ಕು, ಜಿನೀವಾ, ಪ್ಯಾರಿಸ್ಸುಗಳ ಹೆಸರನ್ನು ಧಾರಾಳವಾಗಿ ಸೇರಿಸಿ, ಹತ್ತು ಪುಟಗಳ ಪ್ರಬಂಧವನ್ನು ಬರೆದು ಒಪ್ಪಿಸಿದೆ. ಬಹುಮಾನ ಬರಲಿಲ್ಲ. ಅದಾದರೂ ಹೋಗಲಿ, ಹಿಂತಿರುಗಿ ಬಂದ ಹಾಳೆಯ ಅಂಚಿನಲ್ಲಿ ನಮ್ಮ ಗುರುಗಳು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದಿದ್ದರು: "ಜಿನೀವಾ ಬಹಳ ದೂರವಾಯಿತು. ನಿಮ್ಮೂರ ಹತ್ತಿರ ಏನೂ ಇಲ್ಲವೆ?"

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತು. ನಮ್ಮೂರು ಸೊರಬ ತಾಲ್ಲೂಕಿನ ಜಡೆ. ಹೋಬಳಿಯ ಊರು ಎಂಬ ಗೌರವವೊಂದಿದೆ, ಹಳೆಯ ಮಠವಿದೆ, ಭತ್ತ, ಗೋವಿನಜೋಳ, ಶುಂಠಿಗಳ ಹೊಲಗದ್ದೆಗಳಿವೆ. ಇಂಥ ಊರಿಗೂ ಅಂತರರಾಷ್ಟ್ರೀಯ ವ್ಯವಹಾರಕ್ಕೂ ಎತ್ತಣಿಂದೆತ್ತ ಸಂಬಂಧ? ರಜೆಯಲ್ಲಿ ಮನೆಗೆ ಹೋದಾಗ ಈ ಮಾತನ್ನು ಅಜ್ಜನ ಮುಂದೆ ಹೇಳಿ ಗೊಣಗಿದೆ. ಅಜ್ಜ ಕವಳ ಹಾಕುತ್ತಿದ್ದವರು ತಲೆಯೆತ್ತದೆ, "ಎಂತಕ್ಕಿಲ್ಲ? ಬನವಾಸಿ ದಾಟಿ ಮುಂದೆ ಹೋದ್ರೆ ಟಿಬೆಟ್ಟೇ ಸೈ. ನಾನು ಎತ್ತು ಕಟ್ಗಂಡು ಹೋಗಿ ಬಂದೀನಿ" ಎಂದರು.

ಅಜ್ಜನ ಈ ಒಂದು ಮಾತಿನಿಂದ ಹುಟ್ಟಿದ್ದು ಈ ಲೇಖನ.

ನಮ್ಮ ಜಿಲ್ಲೆಯ ಗಡಿಯನ್ನು ದಾಟಿ ಬನವಾಸಿಯ ಮೇಲಿಂದ ಉತ್ತರಕ್ಕೆ ಹೋದರೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡು ಸಿಕ್ಕುತ್ತದೆ. ಆ ಪಟ್ಟಣದ ಹೊರಗೆ, ಸುಮಾರು 4000 ಎಕರೆಗಳಷ್ಟು ನೆಲದಲ್ಲಿ, 1966ರಿಂದ ಟಿಬೆಟ್ಟಿನ ಜನ ನೆಲಸಿದ್ದಾರೆ. ಅವರು ತಮ್ಮ ವಸತಿಗೆ ಇಟ್ಟುಕೊಂಡ ಹೆಸರು ದೋಗುಲಿಂಗ್. ಸುತ್ತಿನ ಹಳ್ಳಿಯವರ ಬಾಯಲ್ಲಿ ಮಾತ್ರ ಅದು 'ಕ್ಯಾಂಪು'. ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು, ಲಾಮಾ ಕ್ಯಾಂಪು ಎಂದು ಎಣಿಸುತ್ತಾರೆ. ಅರುವತ್ತು ವರ್ಷಗಳ ಮೇಲೂ ಒಂದು ಊರಿಗೆ ಕ್ಯಾಂಪು ಎಂಬ ಹೆಸರೇ ಉಳಿದಿರುವುದು ವಿಚಿತ್ರ. ಬಿಡಾರ ಹೂಡಿದವರು ಎಂದಾದರೊಂದು ದಿನ ಗಂಟು ಕಟ್ಟಿಕೊಂಡು ಹೊರಡುವರೆಂಬ ಭಾವನೆ ಆ ಶಬ್ದದೊಳಗಿದೆ. ಆ ಭಾವನೆ ಎರಡೂ ಕಡೆಗಿದೆ.

ಇತಿಹಾಸವನ್ನು ಚುಟುಕಾಗಿ ಹೇಳುತ್ತೇನೆ. 1959ರ ಮಾರ್ಚಿಯಲ್ಲಿ ಲಾಸಾ ನಗರದಲ್ಲಿ ಚೀನದ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ ಹದಿನಾಲ್ಕನೆಯ ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನ ಬಂದರು. ಬಂದವರು ಮೊದಲು ಬೆಟ್ಟದ ಸೀಮೆಗಳಲ್ಲಿ ರಸ್ತೆ ಕೆಲಸಕ್ಕೆ ನಿಂತರು. ಇವರನ್ನು ಹೀಗೆಯೇ ಬಿಟ್ಟರೆ ಒಂದು ಜನಾಂಗದ ನುಡಿಯೂ ನಡೆಯೂ ಅಳಿದುಹೋಗುವುದೆಂದು ತಿಳಿದ ಪ್ರಧಾನಿ ಜವಾಹರಲಾಲ್ ನೆಹರೂ ಅವರು ರಾಜ್ಯಗಳಿಗೆ ಜಮೀನಿಗಾಗಿ ಬರೆದರು. ಆಗಿನ ಮೈಸೂರು ರಾಜ್ಯ ಮುಂದೆ ಬಂದಿತು. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡನ್ನು ಬಿಟ್ಟುಕೊಟ್ಟು 1960ರ ಕೊನೆಗೆ ಮೊದಲನೆಯ ತಂಡವನ್ನು ಕರೆಸಿಕೊಂಡರು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಮುಂಡಗೋಡಿನ ವಸತಿ ಆರಂಭವಾಯಿತು. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಅವರು ಹಲವು ಸಲ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಮುಂದೆ ಹುಣಸೂರು, ಕೊಳ್ಳೇಗಾಲಗಳ ಬಳಿಯೂ ವಸತಿಗಳಾದವು.

ಪುಸ್ತಕದಲ್ಲಿ ಸಿಕ್ಕುವುದು ಇಷ್ಟು. ಅಜ್ಜನ ಬಾಯಿಂದ ಕೇಳಿದ್ದು ಬೇರೆ ತೆರನಾದದ್ದು.

1965-66 ದೇಶಕ್ಕೆಲ್ಲ ಬರದ ವರ್ಷ. ಆಗ ಅಜ್ಜನಿಗೆ ಇಪ್ಪತ್ತರ ಪ್ರಾಯ. ಗದ್ದೆಯಲ್ಲಿ ಕೆಲಸವಿಲ್ಲದೆ ಎತ್ತುಗಳು ಹಟ್ಟಿಯಲ್ಲಿ ನಿಂತಿದ್ದವು. ಮುಂಡಗೋಡಿನ ಕಡೆ ಕಾಡು ಕಡಿಯುತ್ತಿದ್ದಾರೆ, ಗಾಡಿಗಳಿಗೆ ಕೆಲಸ ಇದೆ ಎಂಬ ಸುದ್ದಿ ಬಂದಾಗ ನಮ್ಮೂರಿನ ಮೂವರು ಗಾಡಿ ಕಟ್ಟಿಕೊಂಡು ಎರಡು ದಿನದ ದಾರಿ ಹೋದರು. ಅಲ್ಲಿ ಅಜ್ಜ ಕಂಡದ್ದು ಬಿಸಿಲಲ್ಲಿ ದಪ್ಪ ನಿಲುವಂಗಿ ತೊಟ್ಟು, ಅದರ ಒಂದು ತೋಳನ್ನು ಕಳಚಿ ಸೊಂಟಕ್ಕೆ ಕಟ್ಟಿಕೊಂಡು, ಬೇರು ಅಗೆಯುತ್ತಿದ್ದ ಗಂಡಸರನ್ನೂ ಹೆಂಗಸರನ್ನೂ. ಚಳಿಯ ನಾಡಿನಿಂದ ಬಂದವರಿಗೆ ನಮ್ಮ ಸೆಕೆ ತಡೆಯದೆ ಎಷ್ಟೋ ಜನ ಮಕ್ಕಳೂ ಮುದುಕರೂ ಜ್ವರ ಬಂದು ತೀರಿಕೊಂಡರಂತೆ. ಭಾಷೆ ಬಾರದು. ಕೈಸನ್ನೆಯಲ್ಲಿಯೇ ವ್ಯವಹಾರ. ಮೊದಲ ದಿನ ಒಬ್ಬ ತರುಣ ಅಜ್ಜನನ್ನು ಕರೆದು ಬಟ್ಟಲಿನಲ್ಲಿ ಚಹಾ ಕೊಟ್ಟ. ಅಜ್ಜ ಒಂದು ಗುಟುಕು ಕುಡಿದು ಉಗಿದುಬಿಟ್ಟರು. ಅದರಲ್ಲಿ ಸಕ್ಕರೆಗೆ ಬದಲು ಉಪ್ಪು, ಹಾಲಿಗೆ ಬದಲು ಬೆಣ್ಣೆ! ಆ ತರುಣ ಬಿದ್ದು ಬಿದ್ದು ನಕ್ಕನಂತೆ. ಅವತ್ತಿನಿಂದ ಅವರಿಬ್ಬರಿಗೂ ಸ್ನೇಹ. ಅಜ್ಜ ಅವನಿಗೆ ನೊಗ ಹೂಡುವುದನ್ನೂ ಎತ್ತಿಗೆ ಕೂಗುವ ಮಾತುಗಳನ್ನೂ ಕಲಿಸಿದರು. ಟಿಬೆಟ್ಟಿನ ಆ ತರುಣ ಕಲಿತ ಮೊದಲ ಕನ್ನಡವೆಂದರೆ ಎತ್ತುಗಳ ಕನ್ನಡ.

ಅಜ್ಜ ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಕಾಡಿನಲ್ಲಿ ದನ ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಇದ್ದವರು ಹಲವರಿದ್ದರು. ನಮಗಿಲ್ಲದ ನೆಲ ಹೊರಗಿನವರಿಗೇಕೆ ಎಂದು ಅವರು ಗೊಣಗಿದ್ದುಂಟು. ಔದಾರ್ಯದ ಕಥೆಯನ್ನು ಹೇಳುವಾಗ ನಾವು ಇಂಥವರನ್ನು ಬಿಟ್ಟುಬಿಡುತ್ತೇವೆ.

ಲೋಸರ್ ಎಂದರೆ ಟಿಬೆಟ್ಟಿನವರ ಹೊಸ ವರ್ಷ. 'ಲೋ' ಎಂದರೆ ವರ್ಷ, 'ಸರ್' ಎಂದರೆ ಹೊಸದು. ಅದು ಯಾವಾಗ ಬರುತ್ತದೆಂದು ತಿಳಿಯಲು ನಮ್ಮ ಪಂಚಾಂಗವೇ ಸಾಕು ಎಂಬುದು ನನಗೆ ಬಹಳ ಸೋಜಿಗವೆನಿಸಿತು. ಸಾಮಾನ್ಯವಾಗಿ ಶಿವರಾತ್ರಿ ಕಳೆದು, ಅಮಾವಾಸ್ಯೆ ಮುಗಿದ ಕೂಡಲೆ ಲೋಸರ್. ಅಲ್ಲಿಂದ ಒಂದು ಚಾಂದ್ರಮಾಸ ಕಳೆದರೆ ನಮ್ಮ ಯುಗಾದಿ. 2023ರಲ್ಲಿ ಲೋಸರ್ ಫೆಬ್ರವರಿ 21ಕ್ಕೆ ಬಂದರೆ ಯುಗಾದಿ ಮಾರ್ಚ್ 22ಕ್ಕೆ ಬಂದಿತು. 2025ರಲ್ಲಿ ಲೋಸರ್ ಫೆಬ್ರವರಿ 28, ಯುಗಾದಿ ಮಾರ್ಚ್ 30. ನಮ್ಮಂತೆ ಅವರಿಗೂ ಅಧಿಕ ಮಾಸವುಂಟು. ಆದರೆ ಅದನ್ನು ಸೇರಿಸುವ ಕಾಲ ಬೇರೆಯಾದ್ದರಿಂದ ಕೆಲವು ವರ್ಷ ಈ ಅಂತರ ಎರಡು ತಿಂಗಳಾಗುತ್ತದೆ. 2024ರಲ್ಲಿ ಹಾಗಾಯಿತು. ಆ ವರ್ಷ ಲೋಸರ್ ಫೆಬ್ರವರಿ 10ಕ್ಕೇ ಬಂದುಬಿಟ್ಟಿತು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಸಂವತ್ಸರಗಳದು. ನಮ್ಮಲ್ಲಿ ಪ್ರಭವದಿಂದ ಅಕ್ಷಯದವರೆಗೆ ಅರುವತ್ತು ಸಂವತ್ಸರಗಳಿರುವಂತೆ ಅವರಲ್ಲಿಯೂ ಅರುವತ್ತು ವರ್ಷಗಳ ಚಕ್ರವಿದೆ. ಅದರ ಹೆಸರು ರಬ್‌ಜುಂಗ್. ಅದು 'ಪ್ರಭವ' ಎಂಬ ಸಂಸ್ಕೃತ ಶಬ್ದದ ಟಿಬೆಟನ್ ಭಾಷಾಂತರವೇ ಹೊರತು ಬೇರೆಯಲ್ಲ! ಕಾಲಚಕ್ರ ತಂತ್ರವೆಂಬ ಬೌದ್ಧ ಗ್ರಂಥ ಭಾರತದಿಂದ ಟಿಬೆಟ್ಟಿಗೆ ಹೋದಾಗ ಈ ಎಣಿಕೆಯೂ ಅದರೊಂದಿಗೆ ಹೋಯಿತು. ಅವರ ಮೊದಲನೆಯ ಚಕ್ರ 1027ರಲ್ಲಿ ಆರಂಭವಾದುದು. ಅಲ್ಲಿಂದ ಹದಿನಾರು ಚಕ್ರ ಉರುಳಿ ಹದಿನೇಳನೆಯದು 1987ರಲ್ಲಿ ಮೊದಲಾಯಿತು. ದಕ್ಷಿಣ ಭಾರತದ ಪಂಚಾಂಗದಲ್ಲಿಯೂ 1987ರ ಯುಗಾದಿಗೆ ಪ್ರಭವ ಸಂವತ್ಸರ. ಅಂದರೆ ನಮ್ಮ ಎಣಿಕೆಯೂ ಅವರ ಎಣಿಕೆಯೂ ಕೂಡಿಯೇ ನಡೆಯುತ್ತವೆ. 2025ರ ಯುಗಾದಿಗೆ ನಮ್ಮ ಮೂವತ್ತೊಂಬತ್ತನೆಯದಾದ ವಿಶ್ವಾವಸು. ಅದಕ್ಕೆ ಒಂದು ತಿಂಗಳ ಹಿಂದೆ ಅವರ ಮೂವತ್ತೊಂಬತ್ತನೆಯದಾದ ಮರ-ಹಾವಿನ ವರ್ಷ. ಈ ಮರ, ಹಾವುಗಳು ಚೀನದ ಕಡೆಯಿಂದ ಬಂದವು. ಮರ, ಬೆಂಕಿ, ಮಣ್ಣು, ಕಬ್ಬಿಣ, ನೀರು ಎಂಬ ಐದು ಮೂಲವಸ್ತುಗಳು ಒಂದೊಂದೂ ಎರಡೆರಡು ವರ್ಷ ಬರುತ್ತವೆ. ಹನ್ನೆರಡು ಪ್ರಾಣಿಗಳು ವರ್ಷಕ್ಕೊಂದರಂತೆ ಬರುತ್ತವೆ. ಹತ್ತು ಹನ್ನೆರಡುಗಳು ಮತ್ತೆ ಮೊದಲಿನ ಜೋಡಿಗೆ ಬರಲು ಅರುವತ್ತು ವರ್ಷ ಬೇಕು. ಹೀಗೆ ಒಂದೇ ಪಂಚಾಂಗದಲ್ಲಿ ಭಾರತದ ಹೆಸರೂ ಚೀನದ ಹೆಸರೂ ಜಗಳವಾಡದೆ ಕುಳಿತಿವೆ.

2025ರ ಲೋಸರ್ ಶುಕ್ರವಾರ ಬಂದಿತು. ಹಬ್ಬ ಮೂರು ದಿನದ್ದು. ಮೊದಲನೆಯ ದಿನ ಮನೆ ಮತ್ತು ದೇವಸ್ಥಾನಗಳಿಗೆ ಮೀಸಲು, ಎರಡನೆಯ ದಿನದಿಂದ ನೆಂಟರಿಷ್ಟರ ಭೇಟಿ. ಮೂರನೆಯ ದಿನ ಭಾನುವಾರವಾದ್ದರಿಂದ ನಾನು ಅಜ್ಜನನ್ನು ಹೊರಡಿಸಿದೆ. ಎರಡು ಕಡೆ ಬಸ್ಸು ಬದಲಿಸಿ ಮುಂಡಗೋಡು ಸೇರಿ, ಅಲ್ಲಿಂದ ಆಟೋರಿಕ್ಷಾ ಹತ್ತಿ ಹೋದೆವು. ಇಲ್ಲಿ ಒಂದು ಮಾತು: ಈ ವಸತಿಗಳಿಗೆ ಹೋಗಬೇಕಾದರೆ ಪರದೇಶದ ಪ್ರವಾಸಿಗರು ಕೇಂದ್ರ ಸರ್ಕಾರದ ವಿಶೇಷ ಪರವಾನಗಿ ಪಡೆಯಬೇಕು. ಅಮೆರಿಕದ ಪ್ರಾಧ್ಯಾಪಕನು ಕಾಗದ ಪತ್ರ ಹಿಡಿದು ತಿಂಗಳುಗಟ್ಟಲೆ ಕಾಯಬೇಕಾದ ಊರಿಗೆ ಜಡೆಯ ಮುದುಕನೊಬ್ಬ ಕೈಯಲ್ಲಿ ಒಂದು ಬಾಳೆಗೊನೆ ಹಿಡಿದು ಹೋಗಿ ಇಳಿಯಬಹುದು!

ಅಜ್ಜನ ಸ್ನೇಹಿತರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ಮನೆಯಲ್ಲಿ ಈಗ ಇರುವವರು ಅವರ ಹೆಂಡತಿ ಮತ್ತು ಒಬ್ಬ ಮೊಮ್ಮಗ. ಆ ತಾಯಿಯನ್ನು ಎಲ್ಲರೂ 'ಅಮಾ-ಲಾ' ಎಂದು ಕರೆಯುತ್ತಾರೆ. ಹೆಸರಿನ ಕೊನೆಗೆ 'ಲಾ' ಸೇರಿಸುವುದು ನಾವು 'ಅವರೇ' ಎನ್ನುವಂತೆ ಮರ್ಯಾದೆಯ ಮಾತು. ಅಜ್ಜನ ಗುರುತು ಆಕೆಗೆ ಕೂಡಲೆ ಹತ್ತಲಿಲ್ಲ. "ಜಡೆ, ಜಡೆಯಿಂದ ಬಂದೀವಿ" ಎಂದು ಅಜ್ಜ ಎರಡು ಸಲ ಕೂಗಿ ಹೇಳಿದ ಮೇಲೆ ಮುಖ ಅರಳಿತು. ಆಕೆ ತನ್ನ ಬಿಳಿಯ ಕೂದಲ ಎರಡು ಜಡೆಗಳನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿ ನಕ್ಕರು. ಅದು ಹಳೆಯ ತಮಾಷೆಯಂತೆ. ಚಳಿಗಾಲದಲ್ಲಿ ಗಂಡ ಸ್ವೆಟರುಗಳ ಗಂಟು ಹೊತ್ತು ಮಾರಾಟಕ್ಕೆ ಹೋಗುತ್ತಿದ್ದಾಗ, "ಜಡೆಗೆ ಹೋಗಿ ಬರುತ್ತೇನೆ" ಎಂದರೆ ಈಕೆ ಹೀಗೆಯೇ ತೋರಿಸಿ, "ಇಲ್ಲೇ ಎರಡು ಇವೆಯಲ್ಲ" ಎನ್ನುತ್ತಿದ್ದರಂತೆ.

ಒಳಗೆ ಹೋದ ಕೂಡಲೆ ಮೊಮ್ಮಗನು ಒಂದು ಬಣ್ಣದ ಮರದ ಪೆಟ್ಟಿಗೆಯನ್ನು ನಮ್ಮ ಮುಂದೆ ಹಿಡಿದ. ನಡುವೆ ಒಂದು ಹಲಗೆಯಿಟ್ಟು ಎರಡು ಭಾಗ ಮಾಡಿದ ಪೆಟ್ಟಿಗೆ. ಒಂದರಲ್ಲಿ ಬೆಣ್ಣೆಯಲ್ಲಿ ಕಲಸಿದ ಹುರಿಹಿಟ್ಟು, ಇನ್ನೊಂದರಲ್ಲಿ ಧಾನ್ಯ. ಇದಕ್ಕೆ 'ಛೆಮಾರ್' ಎನ್ನುತ್ತಾರೆ. ಹುರಿಹಿಟ್ಟು ಬಾರ್ಲಿಯದು, ಅವರ ನಾಡಿನ ಮುಖ್ಯ ಆಹಾರವೇ ಅದು, 'ತ್ಸಂಪಾ' ಎಂದು ಹೆಸರು. ಬಂದವರು ಒಂದು ಚಿಟಿಕೆ ತೆಗೆದುಕೊಂಡು ಮೂರು ಸಲ ಮೇಲಕ್ಕೆ ಚಿಮ್ಮಿ, ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡು, 'ಟಾಶಿ ದೆಲೆಕ್' ಎನ್ನಬೇಕು. ಮಂಗಳವಾಗಲಿ ಎಂದು ಅರ್ಥ. ಅಜ್ಜ ಹಿಟ್ಟನ್ನು ಚಿಮ್ಮಿದ ರೀತಿಯನ್ನು ನೋಡಿ ನನಗೆ ನಮ್ಮ ಭೂಮಿ ಹುಣ್ಣಿಮೆ ನೆನಪಾಯಿತು. ಬಣ್ಣದ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ನಸುಕಿನಲ್ಲಿ ಗದ್ದೆಗೆ ಹೋಗಿ, ಬಸುರಿಯಾದ ಭೂಮಿತಾಯಿಗೆ ಚರಗ ಚೆಲ್ಲುವ ಕೈ ಇದೇ ಕೈಯಲ್ಲವೆ? ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಬೆಳೆ ತೆಗೆಯುವವರು ಎಲ್ಲಿದ್ದರೂ ಬೆಳೆದದ್ದರಲ್ಲಿ ಒಂದು ಪಾಲನ್ನು ಹೀಗೆ ಎಸೆಯುತ್ತಾರೆ.

ದೇವರ ಮಣೆಯ ಮೇಲೆ ಒಂದು ಪುಟ್ಟ ಕುಂಡದಲ್ಲಿ ಗೋಧಿಯ ಮೊಳಕೆ ಗೇಣುದ್ದ ಬೆಳೆದು ನಿಂತಿತ್ತು. ನವರಾತ್ರಿಯ ಘಟದ ಸಸಿಯನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅದರ ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿನಿಸುಗಳನ್ನು ಗೋಪುರದಂತೆ ಪೇರಿಸಿದ್ದರು. ಇವಕ್ಕೆ 'ಕಪ್ಸೆ' ಎಂದು ಹೆಸರು. ದೊಡ್ಡ ಗಾತ್ರದ ಒಂದು ಬಗೆಗೆ 'ಕತ್ತೆಯ ಕಿವಿ' ಎನ್ನುತ್ತಾರೆಂದು ಮೊಮ್ಮಗ ಹೇಳಿದ. ಚಿಕ್ಕವು ನಮ್ಮ ಶಂಕರಪೋಳಿಯ ಅಣ್ಣತಮ್ಮಂದಿರಂತೆ ಇವೆ.

ಹಬ್ಬದ ಹಿಂದಿನ ರಾತ್ರಿಗಳಲ್ಲಿ, ಹನ್ನೆರಡನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನ, ಅವರಲ್ಲಿ ಒಂದು ವಿನೋದ ನಡೆಯುತ್ತದೆ. ಒಂಬತ್ತು ಪದಾರ್ಥಗಳನ್ನು ಹಾಕಿದ 'ಗುತುಕ್' ಎಂಬ ಗಂಜಿಯನ್ನು ಕಾಯಿಸಿ, ಅದರಲ್ಲಿ ದೊಡ್ಡ ಹಿಟ್ಟಿನುಂಡೆಗಳನ್ನು ಬಿಡುತ್ತಾರೆ. ಪ್ರತಿಯೊಂದು ಉಂಡೆಯೊಳಗೂ ಏನಾದರೊಂದು ಅಡಗಿರುತ್ತದೆ. ಮೆಣಸಿನಕಾಯಿ ಬಂದವನು ಬಾಯಿಬಡುಕ. ಇದ್ದಿಲು ಬಂದವನ ಮನಸ್ಸು ಕಪ್ಪು. ಉಣ್ಣೆ ಬಂದವನು ಮೃದು ಹೃದಯಿ. ಉಪ್ಪು ಬಂದವನು ಸೋಮಾರಿ. ಮನೆಯವರೆಲ್ಲ ಒಡೆದು ನೋಡಿ ನಗುತ್ತಾರೆ. ಆಮೇಲೆ ಹಳೆಯ ವರ್ಷದ ಕೇಡನ್ನೆಲ್ಲ ಹಿಟ್ಟಿನ ಬೊಂಬೆಯೊಂದಿಗೆ ಹೊರಗೆ ಕಳಿಸುತ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಇದನ್ನೊಮ್ಮೆ ನಡೆಸಿದರೆ ಬಹಳ ಮೆಣಸಿನಕಾಯಿ ಬೇಕಾದೀತು!

ಆದರೆ ಆ ವರ್ಷ ಆ ಮನೆಯಲ್ಲಿ ಸಡಗರ ಹೆಚ್ಚಿರಲಿಲ್ಲ. 2025ರ ಜನವರಿ 7ರಂದು ಟಿಬೆಟ್ಟಿನ ಡಿಂಗ್ರಿ ಸೀಮೆಯಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಮಡಿದಿದ್ದರು. ಅಮಾ-ಲಾ ಅವರು ಎಂದೂ ಕಾಣದ ಊರಿನ ಆ ಸತ್ತವರಿಗಾಗಿ ಬೆಣ್ಣೆಯ ದೀಪಗಳು ಉರಿಯುತ್ತಿದ್ದವು. ಹೊರಗೆ ಯಾರೋ ಮನೆಯ ಮಾಡಿನ ಮೇಲೆ ಹೊಸ ಪತಾಕೆಗಳನ್ನು ಕಟ್ಟುತ್ತಿದ್ದರು. ಐದು ಬಣ್ಣದ ಬಟ್ಟೆಗಳ ಮೇಲೆ ಮಂತ್ರಗಳನ್ನು ಅಚ್ಚು ಹಾಕಿ ಮೂರನೆಯ ದಿನ ಕಟ್ಟುವುದು ಪದ್ಧತಿ. ಗಾಳಿ ಬೀಸಿದಷ್ಟು ದೂರ ಪ್ರಾರ್ಥನೆ ಹೋಗುವುದೆಂದು ನಂಬಿಕೆ.

ಮಧ್ಯಾಹ್ನ ಮೊಮ್ಮಗ ನಮ್ಮನ್ನು ಲಾಮಾ ಕ್ಯಾಂಪಿಗೆ ಕರೆದುಕೊಂಡು ಹೋದ. ಲಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾದೆನ್ ಮಠವೂ 1416ರಲ್ಲಿ ಸ್ಥಾಪನೆಯಾದ ದ್ರೆಪುಂಗ್ ಮಠವೂ ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿವೆ. ಭಾರತಕ್ಕೆ ಬಂದ ಭಿಕ್ಷುಗಳನ್ನು ಮೊದಲು ಬಂಗಾಳದ ಬಕ್ಸಾ ಎಂಬಲ್ಲಿ ಇರಿಸಿದ್ದರು. ಬ್ರಿಟಿಷರ ಕಾಲದಲ್ಲಿ ಅದು ಸ್ವಾತಂತ್ರ್ಯ ಯೋಧರನ್ನು ಕೂಡಿಹಾಕಿದ ಸೆರೆಮನೆ. ಅಲ್ಲಿ ಉಳಿದವರು 1970ರ ಆಸುಪಾಸಿಗೆ ಇಲ್ಲಿಗೆ ಬಂದು, ಹಗಲು ಹೊಲ ಉತ್ತು ರಾತ್ರಿ ಗ್ರಂಥ ಓದಿ ಮಠವನ್ನು ಕಟ್ಟಿದರು. ಮಠದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ತರ್ಕಶಾಸ್ತ್ರ ಓದುವ ನನ್ನ ಸಹಪಾಠಿಗಳು ಒಮ್ಮೆಯಾದರೂ ನೋಡಬೇಕು. ಒಬ್ಬನು ಕುಳಿತಿರುತ್ತಾನೆ, ಎದುರು ನಿಂತವನು ಪ್ರಶ್ನೆ ಹಾಕಿ, ಕಾಲು ನೆಲಕ್ಕೆ ಅಪ್ಪಳಿಸಿ, ಕೈ ಚಪ್ಪಾಳೆ ತಟ್ಟಿ ಉತ್ತರ ಕೇಳುತ್ತಾನೆ. ಹಬ್ಬದ ದಿನಗಳಾದ್ದರಿಂದ ನಮಗೆ ಅದು ನೋಡಲು ಸಿಕ್ಕಲಿಲ್ಲ. ಮೊಮ್ಮಗನೇ ಖಾಲಿ ಅಂಗಳದಲ್ಲಿ ನಿಂತು ಅಭಿನಯಿಸಿ ತೋರಿಸಿದ. ಅವರು ಓದುವ ತರ್ಕ ದಿಙ್ನಾಗ, ಧರ್ಮಕೀರ್ತಿಗಳದು. ಧರ್ಮಕೀರ್ತಿಯ 'ಪ್ರಮಾಣವಾರ್ತಿಕ'ದ ಸಂಸ್ಕೃತ ಮೂಲ ನಮ್ಮಲ್ಲಿ ಕಳೆದುಹೋಗಿತ್ತು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟ್ಟಿನ ಮಠಗಳನ್ನು ಹುಡುಕಿ ಅದರ ಹಸ್ತಪ್ರತಿಗಳನ್ನು ಪತ್ತೆಹಚ್ಚಿದರು. ನಾವು ಕೊಟ್ಟು ಮರೆತದ್ದನ್ನು ಅವರು ಜೋಪಾನ ಮಾಡಿ ಇಟ್ಟಿದ್ದರು. ಇತ್ತೀಚೆಗೆ ಇನ್ನೊಂದು ವಿನಿಮಯವೂ ನಡೆದಿದೆ: ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಯೋಜನೆಯಂತೆ 2008ರಿಂದ ಭಿಕ್ಷುಗಳು ಭೌತವಿಜ್ಞಾನ, ಜೀವವಿಜ್ಞಾನಗಳನ್ನೂ ಕಲಿಯತೊಡಗಿದರು, ದ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ ಧ್ಯಾನ ಮತ್ತು ವಿಜ್ಞಾನಗಳ ಅಧ್ಯಯನ ಕೇಂದ್ರ 2017ರ ಡಿಸೆಂಬರಿನಲ್ಲಿ ತೆರೆಯಿತು.

ಮಠದ ಗೋಡೆಯಲ್ಲಿ ಹಸಿರು ಮೈಬಣ್ಣದ ಒಬ್ಬ ದೇವಿಯ ಚಿತ್ರವಿತ್ತು. ಯಾರೆಂದು ಕೇಳಿದಾಗ ಮೊಮ್ಮಗ "ದೋಲ್ಮಾ" ಎಂದ. ಆಮೇಲೆ, "ನಿಮ್ಮವರು ತಾರಾ ಅನ್ನುತ್ತಾರೆ" ಎಂದು ಸೇರಿಸಿದ. ನನಗೆ ಮೈ ಜುಮ್ಮೆಂದಿತು. ಏಕೆಂದರೆ ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ತಾರಾ ಭಗವತಿಯ ವಿಗ್ರಹವೊಂದಿದೆ. ಚಾಲುಕ್ಯ ಆಹವಮಲ್ಲನ ಕಾಲದಲ್ಲಿ, 1065ರಲ್ಲಿ, ರೂಪಭಟ್ಟಯ್ಯನೆಂಬ ಅಧಿಕಾರಿ ಅಲ್ಲಿ ಒಂದು ಬೌದ್ಧ ವಿಹಾರವನ್ನು ಕಟ್ಟಿಸಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟನೆಂದು ಶಾಸನವಿದೆ. ಅದೇ ಶತಮಾನದಲ್ಲಿಯೇ, 1042ರಲ್ಲಿ, ಅತೀಶ ದೀಪಂಕರನು ಭಾರತದಿಂದ ಟಿಬೆಟ್ಟಿಗೆ ಹೋದನು. ಅವನು ತಾರೆಯ ಭಕ್ತ. ಶಿಕಾರಿಪುರ ತಾಲ್ಲೂಕಿನದೇ ಇನ್ನೊಂದು ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ತಿರುಗಾಡುತ್ತಿದ್ದ ದೇಶಗಳ ಪಟ್ಟಿಯಿದೆ: ಚೇರ, ಚೋಳ, ಪಾಂಡ್ಯ, ಮಗಧ, ಕಾಂಭೋಜ, ಪಾರಸ, ನೇಪಾಳ ಮುಂತಾಗಿ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ, ಬೌದ್ಧರೇ ಮೊದಲಾದ ಬೇರೆ ಮತದ ಸಂನ್ಯಾಸಿಗಳಿಗೂ ಅನ್ನವಿಕ್ಕುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ನನ್ನ ಹತ್ತು ಪುಟದ ಪ್ರಬಂಧದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಮನೆಗೆ ಮರಳಿದಾಗ ಮಾತು ಉಪಕಾರ ಸ್ಮರಣೆಯ ಕಡೆಗೆ ತಿರುಗಿತು. ದೇಶ ಬಿಟ್ಟು ಬಂದು ಅರುವತ್ತನೆಯ ವರ್ಷವೆಂದು 2018ನ್ನು ಟಿಬೆಟ್ಟಿನವರು ಭಾರತಕ್ಕೆ ಕೃತಜ್ಞತೆ ಅರ್ಪಿಸುವ ವರ್ಷವನ್ನಾಗಿ ಆಚರಿಸಿದರು. ಆ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ 'ಥ್ಯಾಂಕ್ ಯೂ ಕರ್ನಾಟಕ' ಎಂಬ ಸಮಾರಂಭವೇ ನಡೆಯಿತು, ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರೂ ಬಂದಿದ್ದರು. ಅಮಾ-ಲಾ ಅದನ್ನು ನೆನೆದು, ಮೊಮ್ಮಗನ ಬಾಯಿಂದ, ಕರ್ನಾಟಕದ ಉಪಕಾರವನ್ನು ತೀರಿಸಲಾಗದೆಂದು ಹೇಳಿಸಿದರು. ಅಜ್ಜನಿಗೆ ಏಕೋ ಮುಜುಗರವಾಯಿತು. "ನಾವೆಂತ ಕೊಟ್ಟಿದ್ದು? ಆ ವರ್ಷ ನಮ್ಮ ಮನೆಯಾಗೆ ಕಾಳಿಲ್ಲ. ಇವರ ಹತ್ರ ಕೂಲಿ ತಗಂಡು ಅಕ್ಕಿ ಹೊತ್ಗಂಡು ಹೋಗಿದ್ದು ನಾನು. ಅದನ್ನ ಹೇಳು ತಮ್ಮಾ ಅವರಿಗೆ" ಎಂದರು. ನಾನು ಹೇಳಿದೆ. ಆಕೆ ತಲೆಯಲ್ಲಾಡಿಸಿ ಮತ್ತೆ ತಮ್ಮದೇ ಮಾತನ್ನು ಹೇಳಿದರು. ಇಬ್ಬರೂ ಸಾಲಗಾರರಾಗಲು ಜಗಳವಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜನ ಲೆಕ್ಕವೇ ಸರಿಯೆಂದು ನನಗೆ ತೋರುತ್ತದೆ. ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಟಿಬೆಟ್ಟಿನವರ ಪುನರ್ವಸತಿಯ ಕೆಲಸಕ್ಕಾಗಿಯೇ 1968ರಲ್ಲಿ ನಮ್ಮ ರಾಜ್ಯದಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿದ ಮೇಲೆ ಅದು ನಮ್ಮ ಬಡ ಹಳ್ಳಿಗಳ ಕಡೆ ತಿರುಗಿ, 1980ರ ದಶಕದಲ್ಲಿ, ಹತ್ತಿಪ್ಪತ್ತು ಜನ ಕೂಡಿ ಉಳಿತಾಯ ಮಾಡಿ ತಮ್ಮತಮ್ಮಲ್ಲೇ ಸಾಲ ಕೊಡುವ ಸಣ್ಣ ಗುಂಪುಗಳನ್ನು ಬೆಳೆಸಿತು. ನಬಾರ್ಡ್ ಬ್ಯಾಂಕು ಅದನ್ನು ಎತ್ತಿಕೊಂಡು ದೇಶಕ್ಕೆಲ್ಲ ಹರಡಿತು. ಇಂದು ಜಡೆಯಲ್ಲಿ ನಮ್ಮ ಅಜ್ಜಿ ವಾರವಾರ ಹಣ ಕಟ್ಟುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಹೀಗೆ ನಿರಾಶ್ರಿತರ ಗುಡಾರಕ್ಕೆ ಹೋಗಿ ಮುಟ್ಟುತ್ತದೆ. ನಾವು ಆಶ್ರಯ ಕೊಟ್ಟೆವೆಂದು ವೇದಿಕೆಯ ಮೇಲೆ ನಿಂತು ಭಾಷಣ ಮಾಡುವವರು ಇದನ್ನು ಹೇಳುವುದಿಲ್ಲ.

ಮೊಮ್ಮಗನಿಗೂ ನನಗೂ ಒಂದೇ ವಯಸ್ಸು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹುಟ್ಟಿದವನು; ಕನ್ನಡವನ್ನು ಧಾರವಾಡದ ಕಡೆಯವರಂತೆ ಮಾತಾಡುತ್ತಾನೆ. ತನ್ನ ಭಾಷೆಯ ಅಕ್ಷರಗಳನ್ನು ಬರೆದು ತೋರಿಸಿದ: ಕ, ಖ, ಗ, ಙ, ಚ, ಛ, ಜ, ಞ. ಏಳನೆಯ ಶತಮಾನದಲ್ಲಿ ತೋನ್ಮಿ ಸಂಭೋಟನು ಭಾರತದ ಲಿಪಿಯನ್ನು ನೋಡಿ ಇವನ್ನು ರಚಿಸಿದನೆಂದು ಅವರ ಸಂಪ್ರದಾಯ. ಘ, ಝಗಳು ಅವರ ನಾಲಗೆಗೆ ಬೇಕಿರಲಿಲ್ಲ, ಬಿಟ್ಟರು. ನನ್ನ ಹೆಸರನ್ನು ಆ ಲಿಪಿಯಲ್ಲಿ ಬರೆದುಕೊಟ್ಟ. ಇಷ್ಟಾದರೂ ಅವನ ಜೇಬಿನಲ್ಲಿ ಪರದೇಶಿಯರಿಗೆ ಕೊಡುವ ನೋಂದಣಿ ಪತ್ರವಿದೆ. ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಕಾನೂನಿನಂತೆ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಟಿಬೆಟ್ಟಿನವರಿಗೂ ಇದು ಅನ್ವಯಿಸುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಆದರೆ ಹಲವರು ಆ ಹಕ್ಕನ್ನು ಕೇಳಿಲ್ಲ. ಕೇಳಿದರೆ ತಮ್ಮ ನಾಡಿನ ಆಸೆಯನ್ನು ತಾವೇ ಬಿಟ್ಟುಕೊಟ್ಟಂತೆ ಎಂದು ಹಿರಿಯರ ಅಳುಕು. ಕಿರಿಯರು ಈ ಚಿಂತೆಗೆ ಬೇಸತ್ತು ಅಮೆರಿಕ, ಕೆನಡಾ, ಫ್ರಾನ್ಸುಗಳಿಗೆ ಹೋಗುತ್ತಿದ್ದಾರೆ. ಆ ಬೀದಿಯಲ್ಲಿಯೇ ಹಬ್ಬದ ದಿನವೂ ಬೀಗ ಹಾಕಿದ ನಾಲ್ಕು ಮನೆಗಳನ್ನು ನಾನು ಎಣಿಸಿದೆ. ಇವನ ತಂದೆತಾಯಿಗಳೂ ಕೆನಡಾದಲ್ಲಿದ್ದಾರೆ.

"ನೀನೂ ಹೋಗುತ್ತೀಯಾ?" ಎಂದು ಕೇಳಿದೆ.

ಅವನು ಒಳಗಿನ ಕಡೆ ಒಮ್ಮೆ ನೋಡಿ, "ಅಮಾ-ಲಾ ಇರೋತನಕ ಇಲ್ಲ" ಎಂದ. ಆಮೇಲೆ ನಾವಿಬ್ಬರೂ ಬೇರೆ ಮಾತಾಡಿದೆವು.

ಹೊರಡುವ ಮುಂಚೆ ಬಟ್ಟಲುಗಳಲ್ಲಿ ಚಹಾ ಬಂದಿತು. ಅದೇ ಉಪ್ಪು, ಅದೇ ಬೆಣ್ಣೆ. ಅಮಾ-ಲಾ ಅಜ್ಜನ ಮುಖವನ್ನೇ ನೋಡುತ್ತ ಕುಳಿತರು. ಗಂಡನಿಂದ ಆ ಕಥೆಯನ್ನು ಕೇಳಿದ್ದರೆಂದು ಕಾಣುತ್ತದೆ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕುಡಿದು ಬಟ್ಟಲನ್ನು ಕೆಳಗಿಟ್ಟರು. ಅವರಲ್ಲಿ ಬಟ್ಟಲು ಬರಿದಾದರೆ ಮತ್ತೆ ತುಂಬುವುದು ಮರ್ಯಾದೆ. ಈ ನಿಯಮ ಅಜ್ಜನಿಗೆ ತಿಳಿದಿರಲಿಲ್ಲ! ಬೀಳ್ಕೊಡುವಾಗ ಇಬ್ಬರ ಕೊರಳಿಗೂ 'ಖತಾ' ಎಂಬ ಬಿಳಿಯ ರೇಶಿಮೆಯಂಥ ವಸ್ತ್ರವನ್ನು ಹಾಕಿದರು. ಅಜ್ಜ ಅದನ್ನು ಜಡೆಯಲ್ಲಿ ಬಸ್ಸು ಇಳಿಯುವ ತನಕ ತೆಗೆಯಲಿಲ್ಲ.

ಯುಗಾದಿಗೆ ಬರಬೇಕೆಂದು ಅಜ್ಜ ಕರೆದು ಬಂದಿದ್ದರು. ಮಾರ್ಚ್ 30ರಂದು ಅವರಿಬ್ಬರೂ ಬಾಡಿಗೆ ಕಾರಿನಲ್ಲಿ ಬಂದೇ ಬಂದರು. ಅಮಾ-ಲಾ ಜಡೆಯನ್ನು ನೋಡಿದ್ದು ಅದೇ ಮೊದಲು. ಪಂಚಾಂಗ ಓದುವಾಗ ವಿಶ್ವಾವಸು ಸಂವತ್ಸರವೆಂದು ಕೇಳಿ ಮೊಮ್ಮಗ ಬೆರಳು ಮಡಿಸಿ ಎಣಿಸಿ, ಮೂವತ್ತೊಂಬತ್ತು ಎಂದು ನನ್ನ ಕಡೆ ತಿರುಗಿ ತಲೆಯಾಡಿಸಿದ. ಅಜ್ಜಿ ಬೇವುಬೆಲ್ಲ ಕೊಟ್ಟರು. ಬೇವಿನ ಹೂವು ತುಸು ಹೆಚ್ಚಾಗಿತ್ತೋ ಏನೋ, ಅಮಾ-ಲಾ ಅವರ ಮುಖ ಮುದುಡಿ ಹೋಯಿತು. ಉಗಿಯಲೂ ಆರದೆ ನುಂಗಲೂ ಆರದೆ ಕಣ್ಣಲ್ಲಿ ನೀರು ತಂದುಕೊಂಡರು. ಅಜ್ಜ ಕಂಬಕ್ಕೆ ಒರಗಿ ನಗತೊಡಗಿದವರು ಬಹಳ ಹೊತ್ತು ನಿಲ್ಲಿಸಲಿಲ್ಲ.